ಹಾಡು ಮೊದಲು ಯಾರ ಕಿವಿಗೆ ಬೀಳಬೇಕು?

(ಗುರುತು ಸಿಗಬಾರದೆಂದು ಊರು, ವಯಸ್ಸು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದಿದ್ದೇನೆ.)

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ಶಿಕ್ಷಕಿಯೊಬ್ಬರು ನಿದ್ದೆ ಬರುವುದಿಲ್ಲವೆಂದು ನನ್ನ ಬಳಿ ಆಪ್ತಸಲಹೆಗೆ ಬಂದರು. ಯಕ್ಷಗಾನದ ಮನೆತನದಲ್ಲಿ ಬೆಳೆದ ಅವರಿಗೆ ಪದ್ಯ ಕಟ್ಟುವುದು ಸುಲಭದ ಕೆಲಸ. ಬಾಯಿಯ ಕ್ಯಾನ್ಸರಿನಿಂದ ಅಣ್ಣ ತೀರಿಕೊಂಡ ಬಳಿಕ ಅವರು ಪಂಚಾಯತಿನ ಪಾಲಿಯೇಟಿವ್ (ನೋವು ತಗ್ಗಿಸುವ ಆರೈಕೆಯ) ತಂಡದೊಂದಿಗೆ ರೋಗಿಗಳ ಮನೆಗಳಿಗೆ ಹೋಗತೊಡಗಿದರು. ಅಲ್ಲಿ ಕೇಳಿದ ಕಥೆಗಳನ್ನು ಹಾಡಾಗಿಸಿ, ಜನವರಿ 15ರ ಕೇರಳದ ಪಾಲಿಯೇಟಿವ್ ದಿನದಂತಹ ಕಾರ್ಯಕ್ರಮಗಳಲ್ಲಿ ಹಾಡತೊಡಗಿದರು.

ತೊಂದರೆಯಾದದ್ದು ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದ, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಮಹಿಳೆಯೊಬ್ಬರ ಕುರಿತ ಹಾಡಿನಿಂದ. ಹಾಡಿನಲ್ಲಿ ಹೆಸರಿರಲಿಲ್ಲ. ಆದರೆ ಗುಡ್ಡದ ಬುಡದ ಹಂಚಿನ ಮನೆ, ಕಟ್ಟಿದ ಬೀಡಿ ಕೊಡುವ ಬ್ರಾಂಚಿಗೆ ಹೋಗುವ ದಾರಿ, ಪೇಟೆಯಲ್ಲಿ ಓದುವ ಮಗಳು ಎಲ್ಲವೂ ಇದ್ದವು. ಯಾರೋ ಫೋನಿನಲ್ಲಿ ರೆಕಾರ್ಡ್ ಮಾಡಿದ್ದು ಊರಿನ ವಾಟ್ಸಾಪ್ ಗುಂಪುಗಳಿಗೆ ಹೋಯಿತು. ಮಗಳಿಗೆ ಸಂಬಂಧ ನೋಡುತ್ತಿದ್ದ ಕಾಲವದು. ಕಾಯಿಲೆಯ ವಿಷಯವನ್ನು ಮನೆಯವರು ನೆರೆಕರೆಗೆ ಹೇಳಿರಲಿಲ್ಲ. ಮಗ ಟೀಚರ ಮನೆಗೇ ಬಂದು, "ನನ್ನ ಅಮ್ಮನ ಕಾಯಿಲೆಯನ್ನು ಊರಿಗೆ ಹಂಚಲು ನಿಮಗೆ ಯಾರು ಹೇಳಿದ್ದು?" ಎಂದು ಕೇಳಿದನಂತೆ.

ಆ ಸಿಟ್ಟು ಸಕಾರಣವಾದದ್ದೆಂದೇ ನನ್ನ ಅಭಿಪ್ರಾಯ, ಮತ್ತು ಅದನ್ನು ನಾನು ಅವರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದೆ. ಒಳ್ಳೆಯ ಉದ್ದೇಶವು ಒಪ್ಪಿಗೆಯ ಸ್ಥಾನವನ್ನು ತುಂಬುವುದಿಲ್ಲ. ಅದರಲ್ಲೂ ಚಿಕ್ಕ ಊರಿನಲ್ಲಿ ಹೆಸರು ಬಿಟ್ಟ ಮಾತ್ರಕ್ಕೆ ಗುರುತು ಮರೆಯಾಗುವುದಿಲ್ಲ.

ಹಾಡನ್ನು ಓದಿಸಿ ಕೇಳಿದೆ. ಕ್ಯಾನ್ಸರ್ ಅಸುರನಾಗಿತ್ತು, ಕೀಮೋ ಬಾಣವಾಗಿತ್ತು, ಕೊನೆಗೆ ವಧೆ ಮತ್ತು ಮಂಗಳ. ಪ್ರಸಂಗಗಳನ್ನು ಕೇಳಿ ಬೆಳೆದವರಿಗೆ ಈ ಚೌಕಟ್ಟು ತಾನಾಗಿಯೇ ಬರುತ್ತದೆ, ಮತ್ತು ಕೆಲವು ರೋಗಿಗಳಿಗೆ ಅದು ನಿಜವಾಗಿಯೂ ಧೈರ್ಯ ಕೊಡುತ್ತದೆ. ಆದರೆ ಕಾಯಿಲೆ ಮರುಕಳಿಸಿದವರು, ಇನ್ನು ನೋವು ಕಡಿಮೆ ಮಾಡುವುದಷ್ಟೇ ಸಾಧ್ಯವೆಂದು ವೈದ್ಯರು ಹೇಳಿದವರು ಇದೇ ಹಾಡನ್ನು ಕೇಳಿದರೆ ತಾವು ಸರಿಯಾಗಿ ಹೋರಾಡಲಿಲ್ಲವೆಂದು ತಿಳಿಯುವುದಿಲ್ಲವೇ? ಹಾಗೆ ಕೇಳಿದಾಗ ಟೀಚರು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ಅಣ್ಣನ ವಿಷಯ ಬಂತು. ಹೊಗೆಸೊಪ್ಪು ಹಾಕಿ ವೀಳ್ಯ ಜಗಿಯುತ್ತಿದ್ದ ಅಣ್ಣನನ್ನು ಕೊನೆಯ ದಿನಗಳಲ್ಲೂ ಮನೆಯವರು ಅದಕ್ಕಾಗಿ ಬೈಯುತ್ತಿದ್ದರು. ಎಲ್ಲರ ಹಾಡು ಬರೆದ ಅವರು ಅಣ್ಣನದನ್ನು ಬರೆದಿರಲಿಲ್ಲ. ಪ್ರತಿ ಹಾಡಿನ ಕೊನೆಯಲ್ಲಿ ಗೆಲುವು ಏಕೆ ಬರುತ್ತಿತ್ತೆಂಬುದು ಆಗ ನಮ್ಮಿಬ್ಬರಿಗೂ ಅರ್ಥವಾಯಿತು.

ನನ್ನ ಮೊದಲ ಸಲಹೆ, ಬೀಡಿ ಕಟ್ಟುತ್ತಿದ್ದ ಆ ಅಕ್ಕನ ಮನೆಗೆ ಹೋಗಿ ಕ್ಷಮೆ ಕೇಳಿ, ರೆಕಾರ್ಡನ್ನು ಸಾಧ್ಯವಾದಲ್ಲೆಲ್ಲ ಅಳಿಸಲು ವಿನಂತಿಸಬೇಕೆಂಬುದು. ಆ ಅಕ್ಕ ಬಯಸಿದರೆ ಮಾತ್ರ ಹಾಡನ್ನು ಅವರ ಮುಂದೆ ಓದಿ, ಬೇಡವೆಂದ ಸಾಲುಗಳನ್ನು ಅವರ ಎದುರಿನಲ್ಲೇ ಹೊಡೆದುಹಾಕಬೇಕು. ಇದು ನನ್ನ ಕಲ್ಪನೆಯಲ್ಲ. ಕೆನಡಾದ ಮನೋವೈದ್ಯ ಹಾರ್ವೆ ಚೊಚಿನೊವ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಘನತಾ ಚಿಕಿತ್ಸೆಯಲ್ಲಿ (ಡಿಗ್ನಿಟಿ ಥೆರಪಿ) ರೋಗಿಯ ಮಾತುಗಳನ್ನು ದಾಖಲಿಸಿ, ತಿದ್ದಿ, ರೋಗಿಗೇ ಓದಿ ಹೇಳಿ, ಅವರು ಒಪ್ಪಿದ ರೂಪವನ್ನು ಅವರಿಗೇ ಒಪ್ಪಿಸುತ್ತಾರೆ; ಯಾರಿಗೆ ಕೊಡಬೇಕೆಂಬುದು ಅವರ ಇಷ್ಟ.

ಟೀಚರು ಹೋದರು. ಮಗ ಜಗಲಿಯಿಂದ ಏಳಲಿಲ್ಲ, ಆದರೆ ತಡೆಯಲೂ ಇಲ್ಲ. ಅಕ್ಕ ಹಾಡು ಕೇಳಿ, "ಕೂದಲು ಉದುರಿದ್ದು ಬೇಡ ಟೀಚರೇ, ಕರೆಂಟು ಕೊಟ್ಟದ್ದೂ ಬೇಡ. ನಾನು ಬೀಡಿ ಕಟ್ಟಿದ್ದನ್ನು ಬರೆಯಿರಿ" ಎಂದರಂತೆ. (ಕರೆಂಟು ಎಂದರೆ ವಿಕಿರಣ ಚಿಕಿತ್ಸೆ.) ಮಡಿಲಲ್ಲಿ ಸೂಪು (ಮೊರ) ಇಟ್ಟುಕೊಂಡು ಎಲೆ ಕತ್ತರಿಸುವುದನ್ನು ಅವರೇ ತೋರಿಸಿಕೊಟ್ಟರು. ಭಾಮಿನಿ ಷಟ್ಪದಿಯಲ್ಲಿ ಹೊಸದಾಗಿ ಮೂಡಿದ ಅರ್ಧ ಪದ್ಯ ಹೀಗಿದೆ:

ಎಲೆಯ ಕತ್ತರಿಸುತ್ತ ಕುಳಿತೆನು
ಸುಲಿದ ಬೆರಳಲಿ ನೂಲು ಸುತ್ತುತ
ಕಲಿವ ಮಗಳಿಗೆ ಫೀಸು ಹೊಂದಿಸಿ ಬಂದ ದಾರಿಯಿದು

ಕ್ಯಾನ್ಸರ್ ಎಂಬ ಮಾತೇ ಇದರಲ್ಲಿಲ್ಲ. ಆದರೂ ಕ್ಯಾನ್ಸರ್ ಇರುವವರೊಬ್ಬರ ಹಾಡಾಗಿ ಇದು ಮೊದಲಿನದಕ್ಕಿಂತ ಹೆಚ್ಚು ಸತ್ಯವಾದದ್ದು.

ಇನ್ನೊಂದು ವಿಷಯವನ್ನೂ ಹೇಳಬೇಕಾಯಿತು. ಬೇರೊಂದು ಹಾಡಿನಲ್ಲಿ ಅವರು ರೋಗಕ್ಕೆ ಗೇರು ತೋಟಗಳ ಎಂಡೋಸಲ್ಫಾನ್ ಕೀಟನಾಶಕದ ಸಿಂಪಡಣೆಯೇ ಕಾರಣವೆಂದು ಬರೆದಿದ್ದರು. ನಮ್ಮ ಜಿಲ್ಲೆ ಆ ವಿಷದಿಂದ ಅನುಭವಿಸಿದ ಸಂಕಟವನ್ನು ನಾನು ಎಂದಿಗೂ ಕಡಿಮೆ ಮಾಡಿ ಹೇಳಲಾರೆ. ಆದರೂ ಒಬ್ಬರ ಕಾಯಿಲೆಯ ಕಾರಣವನ್ನು ಹಾಡುಗಾರರು ತೀರ್ಮಾನಿಸಬಾರದು; ರೋಗಿ ಹಾಗೆ ನಂಬಿದ್ದರೆ ಅದು ಅವರ ಮಾತಾಗಿಯೇ ಬರಲಿ. ಹೊಗೆಸೊಪ್ಪಿನ ವಿಷಯಕ್ಕೂ ಇದೇ ಎಚ್ಚರ ಬೇಕು: ಕಾರಣ ಗೊತ್ತಿದ್ದರೂ ಹಾಡು ಅಪರಾಧಿಯನ್ನು ಹುಡುಕುವ ಜಾಗವಲ್ಲ.

ಅವರ ನಿದ್ದೆಗಾಗಿ, ರೋಗಿಯ ಮನೆಯಿಂದ ಬಂದ ದಿನವೇ ಬರೆಯಲು ಕೂರಬಾರದೆಂದೂ, ಕೇಳಿದ ಸಂಕಟವನ್ನು ತಂಡದ ನರ್ಸಿನೊಂದಿಗೆ ಹಂಚಿಕೊಳ್ಳಬೇಕೆಂದೂ, ಆದರೂ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದೂ ಹೇಳಿದೆ. ಅಣ್ಣನ ಹಾಡನ್ನು ಯಾರಿಗೂ ತೋರಿಸುವ ಹಂಗಿಲ್ಲದೆ ಬರೆಯಲು ಸೂಚಿಸಿದೆ. ಅದು ಈಗ ನಡೆಯುತ್ತಿದೆ, ನಿದ್ದೆಯೂ ಸ್ವಲ್ಪ ಸುಧಾರಿಸಿದೆ.

ತೀರಿಕೊಂಡ ಬಳಿಕ ಹಾಡಬಹುದೇ ಎಂಬುದನ್ನೂ ರೋಗಿ ಇರುವಾಗಲೇ, ಮೆತ್ತಗೆ, ಅವರು ಸಿದ್ಧರಿರುವ ದಿನ ಕೇಳಿ ಬರೆದಿಟ್ಟುಕೊಳ್ಳಬೇಕು. ಈ ಅಕ್ಕನನ್ನು ಟೀಚರು ಕೇಳಿದಾಗ, "ಮಗಳ ಮದುವೆಯಾಗಲಿ, ಆಮೇಲೆ ಹಾಡಿ. ನಾನಿದ್ದರೆ ನಾನೂ ಬರುತ್ತೇನೆ" ಎಂದರಂತೆ.