ಪೆಪೆಯ ಊರಿಗೆ ಬರುವ ತಂಗಿಗೆ

ತಂಗೀ, ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊದಲ್ಲಿ ಕೆಲಸ ಸಿಕ್ಕಿತು ಅಂತ ಬರೆದಿದ್ದೀಯ, ತುಂಬಾ ಖುಷಿಯಾಯಿತು. ಬಾಡಿಗೆ ಮನೆ, ಅಕ್ಕಿ-ಬೇಳೆ ವಿಷಯ ಫೋನಿನಲ್ಲಿ ಮಾತಾಡೋಣ. ನಿನ್ನ ಕೊನೆಯ ಪ್ರಶ್ನೆಗೆ ಮಾತ್ರ ಬರೆದೇ ಉತ್ತರ ಕೊಡಬೇಕು ಅನ್ನಿಸಿತು. "ಅಕ್ಕಾ, ಹಳೇ ಕಾರಿನಲ್ಲಿ ಓಡಾಡ್ತಿದ್ದ ಬಡ ಅಧ್ಯಕ್ಷರ ದೇಶ ಅಲ್ವಾ ಅದು? ಅಲ್ಲಿಯವರ ಹತ್ತಿರ ಅವರ ಬಗ್ಗೆ ಮಾತಾಡಬಹುದಾ?"

ಧಾರಾಳವಾಗಿ ಮಾತಾಡು. ಆದರೆ "ಬಡ ಅಧ್ಯಕ್ಷ" ಅನ್ನೋ ಮಾತು ಬೇಡ. ಹೊಸೆ ಮುಹಿಕಾ ಅವರೇ ಅದನ್ನು ಒಪ್ಪುತ್ತಿರಲಿಲ್ಲ. ಇಲ್ಲಿ ಎಲ್ಲರಿಗೂ ಅವರು ಪೆಪೆ. ಊರಾಚೆ ರಿಂಕೋನ್ ದೆಲ್ ಸೆರ್ರೊದಲ್ಲಿ ಸಣ್ಣ ತೋಟ ಇತ್ತು. ಅವರೂ ಹೆಂಡತಿ ಲುಸಿಯಾ ತೊಪೊಲಾನ್ಸ್ಕಿಯೂ ಅಲ್ಲಿ ಸೇವಂತಿಗೆ ಬೆಳೆದು ಮಾರುತ್ತಿದ್ದರು. ಹೌದು, ನಮ್ಮ ಸೇವಂತಿಗೆಯೇ! 2010ರಿಂದ 2015ರವರೆಗೆ ಅಧ್ಯಕ್ಷರಾಗಿದ್ದಾಗಲೂ ಸರ್ಕಾರಿ ಬಂಗಲೆಗೆ ಹೋಗದೆ ಆ ತಗಡಿನ ಸೂರಿನ ಮನೆಯಲ್ಲೇ ಇದ್ದರು. 1987ರ ನೀಲಿ ಬೀಟಲ್ ಕಾರು, ಮೂರು ಕಾಲಿನ ನಾಯಿ ಮಾನುವೆಲಾ, ಸಂಬಳದಲ್ಲಿ ಬಹುಪಾಲು ದಾನ, ನೀನು ವಿಡಿಯೊದಲ್ಲಿ ನೋಡಿದ್ದೆಲ್ಲ ನಿಜ.

ವಿಡಿಯೊಗಳು ಅಷ್ಟಕ್ಕೇ ಮುಗಿಯುತ್ತವೆ. ನೀನು ಬಂದ ಮೊದಲ ವಾರವೇ ನಿನ್ನನ್ನು ಪುಂತಾ ಕರೇತಾಸ್ ಮಾಲ್‌ಗೆ ಕರೆದುಕೊಂಡು ಹೋಗ್ತೀನಿ. ಒಳಗೆ ಬಟ್ಟೆ ಅಂಗಡಿ, ಕಾಫಿ, ಮಕ್ಕಳ ಗಲಾಟೆ. ಆದರೆ ಅದು ಹಿಂದೆ ಜೈಲು. 1971ರ ಸೆಪ್ಟೆಂಬರ್‌ನಲ್ಲಿ ನೂರಕ್ಕೂ ಜಾಸ್ತಿ ಕೈದಿಗಳು ಸುರಂಗ ಕೊರೆದು, ಎದುರಿನ ಮನೆಯೊಳಗೆ ಎದ್ದು ತಪ್ಪಿಸಿಕೊಂಡರು. ಅವರಲ್ಲಿ ಪೆಪೆಯೂ ಒಬ್ಬರು. ಆಗ ಅವರು ತುಪಮಾರೊಸ್ ಎಂಬ ಗೆರಿಲ್ಲಾ ಗುಂಪಿನಲ್ಲಿದ್ದರು. ಹಿಂದಿನ ವರ್ಷವಷ್ಟೇ ಪೊಲೀಸರ ಆರು ಗುಂಡು ತಿಂದು ಬದುಕಿದ್ದರು. ಮತ್ತೆ ಸಿಕ್ಕಿಬಿದ್ದರು. 1973ರಲ್ಲಿ ದೇಶ ಸೈನ್ಯದ ಕೈಗೆ ಹೋಯಿತು. ಪೆಪೆ ಸೇರಿದಂತೆ ಗುಂಪಿನ ಒಂಬತ್ತು ಮುಖಂಡರನ್ನು ಒತ್ತೆಯಾಳುಗಳಂತೆ ಒಂಟಿ ಕೋಣೆಗಳಲ್ಲಿ ಇಟ್ಟು, ಒಂದು ಸೈನಿಕ ಶಿಬಿರದಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದರು. 1985ರಲ್ಲಿ ಪ್ರಜಾಪ್ರಭುತ್ವ ಮರಳಿದ ಮೇಲೆ ಬಿಡುಗಡೆ ಸಿಕ್ಕಿತು. ನಾನು ಆ ಮಾಲ್‌ನಲ್ಲಿ ಕೂತಾಗಲೆಲ್ಲ ಒಂದು ಗಳಿಗೆ ಸುಮ್ನಾಗಿಬಿಡ್ತೀನಿ.

ಬಂದೂಕು ಬಿಟ್ಟು ಓಟು ಕೇಳಲು ಹೊರಟವರು ಅವರು. 1994ರ ಚುನಾವಣೆಯಲ್ಲಿ ಸಂಸದರಾದರು, ಮುಂದೆ ಸೆನೆಟರ್, 2005ರಲ್ಲಿ ಪಶುಪಾಲನೆ ಮತ್ತು ಕೃಷಿ ಮಂತ್ರಿ. 2009ರ ನವೆಂಬರ್‌ನಲ್ಲಿ ಅಧ್ಯಕ್ಷ ಚುನಾವಣೆಯ ಎರಡನೇ ಸುತ್ತಿನಲ್ಲಿ ಮಾಜಿ ಅಧ್ಯಕ್ಷ ಲಕಾಯೆ ಅವರನ್ನು ಸೋಲಿಸಿದರು. ಗರ್ಭಪಾತಕ್ಕೆ ಅವಕಾಶ, ಸಲಿಂಗ ಮದುವೆ, ಸರ್ಕಾರದ ಹಿಡಿತದಲ್ಲಿ ಗಾಂಜಾ ಮಾರಾಟ, ಈ ಕಾನೂನುಗಳೆಲ್ಲ ಅವರ ಕಾಲದ್ದು. ಇಲ್ಲಿ ಸತತ ಎರಡು ಸಲ ಅಧ್ಯಕ್ಷರಾಗುವ ಹಾಗಿಲ್ಲ. ಐದು ವರ್ಷ ಮುಗಿಯಿತು, ಮತ್ತೆ ಸೆನೆಟರ್ ಆದರು.

ಎಲ್ಲರೂ ಅವರನ್ನು ಕೈಯೆತ್ತಿ ಮುಗಿಯುತ್ತಾರೆ ಅಂದುಕೊಳ್ಳಬೇಡ. ತುಪಮಾರೊಸ್ ಅಪಹರಣ ಮಾಡಿದ್ದಾರೆ, ಕೊಂದಿದ್ದಾರೆ. ಅದನ್ನು ಮರೆಯದ ಮನೆಗಳಿವೆ. ಇನ್ನು ಸೈನ್ಯದ ಕಾಲದಲ್ಲಿ ಕಾಣೆಯಾದವರ ಮನೆಯವರಿಗೆ ಬೇರೆಯೇ ನೋವು. ವಯಸ್ಸಾದ ಸೈನಿಕರನ್ನು ಜೈಲಿಗೆ ಹಾಕುವುದು ಪೆಪೆಗೆ ಇಷ್ಟವಿರಲಿಲ್ಲ. ಅಷ್ಟು ವರ್ಷ ನರಳಿದವರೇ ಹೀಗಂದರೆ ನಮ್ಮ ಪರ ಯಾರು ಅನ್ನೋದು ಆ ಮನೆಯವರ ಪ್ರಶ್ನೆ. ಪೆಪೆ ಅಂದರೆ ನನಗೆ ಪ್ರಾಣ, ಆದರೂ ಈ ವಿಷಯದಲ್ಲಿ ನಾನು ಕಾಣೆಯಾದವರ ತಾಯಂದಿರ ಕಡೆ.

ಹಾಗಾಗಿ ಯಾರಾದರೂ ಮಾಟೆ ಕುಡಿಯಲು ಕರೆದರೆ ಹೋಗು, ಅದು ಇಲ್ಲಿಯ ಚಹಾದಂಥ ಎಲೆಯ ಪಾನೀಯ. ಒಂದೇ ಸೋರೆ ಬುರುಡೆ, ಒಂದೇ ಕೊಳವೆ, ಎಲ್ಲರೂ ಸರದಿಯಲ್ಲಿ ಹೀರುತ್ತಾರೆ. ಮೊದಲು ಮುಜುಗರ ಆಗುತ್ತೆ, ಆಮೇಲೆ ಅಭ್ಯಾಸವಾಗುತ್ತೆ. "ಪೆಪೆ ಬಗ್ಗೆ ನಿಮಗೇನು ಅನ್ನಿಸುತ್ತೆ?" ಅಂತ ಕೇಳಿ ಸುಮ್ನೆ ಕೂತುಕೋ. ನನಗೆ ಸ್ಪ್ಯಾನಿಷ್ ಬಂದಿದ್ದೇ ಹಾಗೆ.

2025ರ ಮೇ 13ರಂದು ಅವರು ತೀರಿಕೊಂಡರು. ಮರುದಿನ ಕುದುರೆಗಳು ಎಳೆಯುವ ಗಾಡಿಯಲ್ಲಿ ಶವಪೆಟ್ಟಿಗೆ ಸಂಸತ್ ಭವನದ ಕಡೆ ಹೊರಟಾಗ ರಸ್ತೆಯ ಎರಡೂ ಬದಿ ಜನ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮಲ್ಲಿ ಸಾವಿಗೆ ಯಾರೂ ಚಪ್ಪಾಳೆ ತಟ್ಟಲ್ಲ ಅಲ್ವಾ? ನನ್ನ ಕೈ ಮೇಲೇಳಲೇ ಇಲ್ಲ. ಪಕ್ಕದ ಮನೆಯ ಅಜ್ಜಿ ಅಳುತ್ತಲೇ ತಟ್ಟುತ್ತಿದ್ದರು.

ಪ್ರತಿ ವರ್ಷ ಮೇ 20ಕ್ಕೆ ಕಾಣೆಯಾದವರಿಗಾಗಿ ಮೌನ ಮೆರವಣಿಗೆ ಇರುತ್ತೆ. ಘೋಷಣೆಯಿಲ್ಲ, ಕಾಣೆಯಾದವರ ಫೋಟೊಗಳು ಮಾತ್ರ. ಅಷ್ಟರೊಳಗೆ ನೀನು ಬಂದಿದ್ದರೆ ಜೊತೆಗೆ ಹೋಗೋಣ. ಮೇ ಅಂದರೆ ಇಲ್ಲಿ ಚಳಿ ಶುರುವಾಗಿರುತ್ತೆ, ದಪ್ಪ ಸ್ವೆಟರ್ ತಗೊಂಡು ಬಾ.