ವಂಶವೆಂಬ ಬಿದಿರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಿಘಂಟಿನಲ್ಲಿ ‘ವಂಶ’ ಎಂಬ ಪದಕ್ಕೆ ‘ಬಿದಿರು’ ಎಂಬ ಅರ್ಥವೂ ಇದೆ. ಮನೆತನಕ್ಕೂ ಬಿದಿರಿಗೂ ಎಲ್ಲಿಯ ನಂಟು? ಇವು ಎರಡು ಬೇರೆ ಪದಗಳೇ? (ಶಿಕ್ಷಕಿ, ಶಿರಸಿ)

ಉತ್ತರ: ಪದ ಒಂದೇ. ಬಿದಿರೇ ಮೊದಲು, ಮನೆತನ ಆಮೇಲೆ. ಋಗ್ವೇದದ ಮೊದಲ ಮಂಡಲದ 10ನೇ ಸೂಕ್ತದಲ್ಲಿ, ಸ್ತುತಿಸುವವರು ಇಂದ್ರನನ್ನು ‘ವಂಶದಂತೆ’ ಮೇಲಕ್ಕೆತ್ತಿದರು ಎಂದಿದೆ. ಅಲ್ಲಿ ವಂಶವೆಂದರೆ ನೆಟ್ಟಗೆ ಎತ್ತಿ ನಿಲ್ಲಿಸುವ ಗಳ. ಮಾಡಿನ ತೊಲೆಗೂ ಅದೇ ಹೆಸರು. ತೊಲೆ ಪೂರ್ವಕ್ಕೆ ಚಾಚಿರುವ ಯಜ್ಞಶಾಲೆ ‘ಪ್ರಾಚೀನವಂಶ’. ಬೆನ್ನುಮೂಳೆ ‘ಪೃಷ್ಠವಂಶ’, ಕೊಳಲು ‘ವಂಶಿ’.

ಗಳದಿಂದ ಪೀಳಿಗೆಗೆ ಅರ್ಥ ಹೇಗೆ ದಾಟಿತು ಎಂದು ತಿಳಿಯಲು ಒಂದು ಬಿದಿರನ್ನು ಉದ್ದಕ್ಕೆ ಸೀಳಿ ನೋಡಬೇಕು. ಎರಡು ಗಿಣ್ಣುಗಳ ನಡುವೆ ಟೊಳ್ಳು. ಗಿಣ್ಣು ಬಂದಲ್ಲಿ ಮಾತ್ರ ಒಳಗೆ ಗಟ್ಟಿಯಾದ ಅಡ್ಡತೆರೆ. ಹೊರಗೆ ಅದೇ ಗಿಣ್ಣಿನಲ್ಲಿ ಒಂದು ಮೊಗ್ಗು, ಒಮ್ಮೆ ಈ ಬದಿಗೆ, ಮುಂದಿನ ಗಿಣ್ಣಿನಲ್ಲಿ ಆ ಬದಿಗೆ. ಒಂದೊಂದು ತುಂಡೂ ತನ್ನಷ್ಟಕ್ಕೆ ಮುಗಿದಂತಿದೆ, ಆದರೂ ಕೆಳಗಿನದರ ಮೇಲೆಯೇ ನಿಂತಿದೆ. ಅಜ್ಜ, ಅಪ್ಪ, ಮಗ ಎಂದು ಹೆಸರುಗಳನ್ನು ಒಂದರ ಮೇಲೊಂದು ಹೇಳುವಾಗ ಕಣ್ಣಮುಂದೆ ಬರುವುದು ಇದೇ ಆಕೃತಿ. ಅಮರಕೋಶ ಬಿದಿರಿಗೆ ಕೊಡುವ ಹೆಸರುಗಳಲ್ಲಿ ‘ಶತಪರ್ವಾ’, ಅಂದರೆ ನೂರು ಗಿಣ್ಣಿನದು, ಎಂಬುದೂ ಇದೆ. ಅದೇ ಕೋಶ ಬೇರೊಂದು ಕಡೆ ಸಂತತಿ, ಗೋತ್ರ, ಕುಲ, ಅನ್ವಯಗಳ ಸಾಲಿನಲ್ಲಿ ‘ವಂಶ’ವನ್ನೂ ಕೂರಿಸುತ್ತದೆ. ‘ವಂಶದ ಕುಡಿ’ ಎನ್ನುವಾಗ ನಾವು ಗೊತ್ತಿಲ್ಲದೆಯೇ ಆ ಹಳೆಯ ಗಿಡವನ್ನು ಮತ್ತೆ ಚಿಗುರಿಸುತ್ತೇವೆ.

ಪ್ರಶ್ನೆ: ಗಂಡು ಹುಟ್ಟಿದರೆ ‘ವಂಶೋದ್ಧಾರಕ’ ಎನ್ನುತ್ತಾರೆ. ನನಗೆ ಇಬ್ಬರು ಹೆಣ್ಣುಮಕ್ಕಳು. ಈ ಪದಕ್ಕೆ ಗಂಡುಮಕ್ಕಳ ಸಾಲು ಎಂಬುದೇ ಮೂಲಾರ್ಥವೇ? (ಓದುಗರು, ಹಾಸನ)

ಉತ್ತರ: ಖಂಡಿತ ಅಲ್ಲ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಮೂರು ಕಡೆ ‘ವಂಶ’ ಎಂಬ ಹೆಸರಿನ ಪಟ್ಟಿಗಳಿವೆ. ಮೂರೂ ಗುರು-ಶಿಷ್ಯರ ಪಟ್ಟಿಗಳು: ಯಾರು ಯಾರಿಂದ ಕಲಿತರು ಎಂಬ ಸಾಲು. ಕೊನೆಯ ಅಧ್ಯಾಯದ ಪಟ್ಟಿಯನ್ನು ನೀವು ಓದಲೇಬೇಕು. ಪೌತಿಮಾಷೀಪುತ್ರ ಕಲಿತದ್ದು ಕಾತ್ಯಾಯನೀಪುತ್ರನಿಂದ, ಅವನು ಗೌತಮೀಪುತ್ರನಿಂದ, ಅವನು ಭಾರದ್ವಾಜೀಪುತ್ರನಿಂದ ಎಂದು ಅದು ಶುರುವಾಗುತ್ತದೆ. ಹೀಗೆ ಬಹುದೂರದವರೆಗೆ ಒಬ್ಬೊಬ್ಬರನ್ನೂ ತಾಯಿಯ ಹೆಸರಿನಿಂದಲೇ ಗುರುತಿಸುತ್ತ ಹೋಗುತ್ತದೆ.

ವ್ಯಾಕರಣವೂ ಇದನ್ನೇ ಹೇಳುತ್ತದೆ. ಪಾಣಿನಿಯ ‘ಸಂಖ್ಯಾ ವಂಶ್ಯೇನ’ (2.1.19) ಸೂತ್ರವನ್ನು ವಿವರಿಸುವ ಕಾಶಿಕಾವೃತ್ತಿಯ ಪ್ರಕಾರ ವಂಶ ಎರಡು ಬಗೆ: ಹುಟ್ಟಿನಿಂದ ಬಂದದ್ದು, ವಿದ್ಯೆಯಿಂದ ಬಂದದ್ದು. ಪಾಣಿನಿ, ಕಾತ್ಯಾಯನ, ಪತಂಜಲಿ ಮೂವರನ್ನೂ ಸೇರಿಸಿ ‘ತ್ರಿಮುನಿ ವ್ಯಾಕರಣ’ ಎನ್ನುವುದು ವಿದ್ಯಾವಂಶದ ಲೆಕ್ಕದಲ್ಲಿ. ಪಾಲಿ ಭಾಷೆಗೆ ಹೋದಾಗ ಅರ್ಥ ಇನ್ನೂ ಹಿಗ್ಗಿತು. ಶ್ರೀಲಂಕೆಯ ಪಾಲಿ ಗ್ರಂಥಗಳಾದ ‘ದೀಪವಂಸ’, ‘ಮಹಾವಂಸ’ಗಳಲ್ಲಿ ವಂಸ ಎಂದರೆ ಚರಿತ್ರೆ.

ನಮ್ಮ ನೆಲದಲ್ಲೂ ಸಾಕ್ಷಿ ಇದೆ. ಕದಂಬರೂ ಬಾದಾಮಿ ಚಾಲುಕ್ಯರೂ ಶಾಸನಗಳಲ್ಲಿ ತಮ್ಮನ್ನು ಮಾನವ್ಯ ಗೋತ್ರದವರು, ಹಾರೀತೀಪುತ್ರರು ಎಂದು ಕರೆದುಕೊಂಡರು. ಗೋತ್ರದ ಪಕ್ಕದಲ್ಲೇ ತಾಯಿಯ ಹೆಸರು. ತುಳುನಾಡಿನ ಅಳಿಯಸಂತಾನದಲ್ಲಂತೂ ಸಾಲು ಹರಿಯುವುದೇ ಹೆಣ್ಣಿನಿಂದ. ಅಲ್ಲಿಯ ‘ಕವರು’, ನಮ್ಮ ‘ಕವಲು’ ಎರಡೂ ಒಡಹುಟ್ಟಿದ ಪದಗಳು. ಒಬ್ಬ ಹೆಣ್ಣು, ಅವಳ ಮಕ್ಕಳು, ಅವಳ ಹೆಣ್ಣುಮಕ್ಕಳ ಕಡೆಯ ಸಂತಾನ ಸೇರಿದರೆ ಒಂದು ಕವರು. 1949ರ ಮದರಾಸು ಅಳಿಯಸಂತಾನ ಕಾಯಿದೆ ‘ಸಂತತಿ ಕವರು’ ಯಾವುದೆಂದು ನಿರ್ಧರಿಸಿದ್ದು ಹೀಗೆ: 50 ವರ್ಷ ತುಂಬದ ಹೆಣ್ಣು ಒಬ್ಬಳಾದರೂ ಆ ಕವರಿನಲ್ಲಿರಬೇಕು. ಇಲ್ಲದಿದ್ದರೆ, ಗಂಡಸರು ಎಷ್ಟೇ ಮಂದಿ ಇರಲಿ, ಅದು ‘ನಿಸ್ಸಂತತಿ ಕವರು’.

ನಿಮ್ಮ ಇಬ್ಬರು ಮಕ್ಕಳೂ ನಿಮ್ಮ ವಂಶವೇ. ಪದದ ಹಳೆಯ ಬಳಕೆಯೇ ನಿಮ್ಮ ಕಡೆಗಿದೆ.

ಪ್ರಶ್ನೆ: ಕುಲ, ಗೋತ್ರ, ವಂಶ, ಬೆಡಗು ಇವುಗಳಲ್ಲಿ ವ್ಯತ್ಯಾಸವೇನು? (ಪದವಿ ವಿದ್ಯಾರ್ಥಿ, ಧಾರವಾಡ)

ಉತ್ತರ: ಗೋತ್ರ ವೇದದಲ್ಲಿ ಹಸುಗಳ ದೊಡ್ಡಿ. ಪಾಣಿನಿ ಅದನ್ನು ಪಾರಿಭಾಷಿಕ ಪದ ಮಾಡಿ, ಮೊಮ್ಮಗನಿಂದ ಮುಂದಿನ ಸಂತಾನಕ್ಕೆ ಗೋತ್ರ ಎಂದ (4.1.162). ಗರ್ಗನ ಮಗ ಗಾರ್ಗಿ, ಮೊಮ್ಮಗ ಗಾರ್ಗ್ಯ. ಮರಿಮಗ, ಮನೆಯ ಹಿರಿಯರು ಬದುಕಿರುವಾಗ, ಗಾರ್ಗ್ಯಾಯಣ. ತಲೆಮಾರು ಯಾವುದು, ಹಿರಿಯರು ಇದ್ದಾರೋ ಇಲ್ಲವೋ ಎಂಬುದೂ ಹೆಸರಿನಲ್ಲೇ ತಿಳಿಯುತ್ತಿತ್ತು. (ಉಪನಿಷತ್ತಿನ ವಿದುಷಿ ಗಾರ್ಗಿಯ ಹೆಸರು ‘ಗಾರ್ಗ್ಯ’ದ ಸ್ತ್ರೀಲಿಂಗ ರೂಪ, ಗರ್ಗನ ಮಗನಾದ ಗಾರ್ಗಿಯೇ ಬೇರೆ.) ಈಗ ಗೋತ್ರ ಎಂದರೆ ಋಷಿಯ ಹೆಸರು ಹೊತ್ತ ಗುಂಪು, ಅದರೊಳಗೆ ಮದುವೆ ಇಲ್ಲ. ಬೆಡಗು ಇದೇ ಕೆಲಸ ಮಾಡುವ ಕನ್ನಡದ ಪದ, ಕುರುಬರೇ ಮೊದಲಾದ ಸಮುದಾಯಗಳಲ್ಲಿ ಬಳಕೆಯಲ್ಲಿದೆ; ಕರಾವಳಿಯಲ್ಲಿ ಬಳಿ. ಒಂದೇ ಬೆಡಗಿನವರು ಅಣ್ಣತಮ್ಮಂದಿರು. ಕುಲ ಒಮ್ಮೆ ಮನೆ, ಒಮ್ಮೆ ಜಾತಿ. ವಾಕ್ಯ ನೋಡಿಯೇ ಅರ್ಥ ಮಾಡಬೇಕು. ವಂಶವೊಂದೇ ಹೆಸರು ಹಿಡಿದು ಮೇಲೆ ಕೆಳಗೆ ಎಣಿಸಬಹುದಾದ ಸಾಲು.

ಪ್ರಶ್ನೆ: ತಂದೆ ತೀರಿಕೊಂಡಿದ್ದಾರೆ. ಪೌತಿ ಖಾತೆಗೆ (ತೀರಿದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು) ನಾಡಕಚೇರಿಯಲ್ಲಿ ‘ವಂಶವೃಕ್ಷ’ ಕೇಳಿದ್ದಾರೆ. ಬರೆಯುವಾಗ ಯಾವ ತಪ್ಪು ಆಗದಂತೆ ನೋಡಬೇಕು? (ಕೃಷಿಕರು, ಮಂಡ್ಯ)

ಉತ್ತರ: ಹೆಸರು ವೃಕ್ಷ, ಆದರೆ ಚಿತ್ರ ತಲೆಕೆಳಗು: ಬೇರು ಮೇಲೆ, ಕೊಂಬೆ ಕೆಳಗೆ. ಪಹಣಿಯಲ್ಲಿ ಯಾರ ಹೆಸರಿದೆಯೋ ಅವರಿಂದ ಶುರುಮಾಡಿ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಮೇಲೆ ಬರುವುದು ಅಜ್ಜ. ತಂದೆಯಿಂದ ಹಿಡಿದರೆ ಚಿಕ್ಕಪ್ಪ, ಅತ್ತೆಯರ ಕವಲು ಬಿಟ್ಟುಹೋಗಿ ತಕರಾರು ಏಳುತ್ತದೆ. ಪಕ್ಕದಲ್ಲಿ ಹೆಂಡತಿ, ಇಬ್ಬರು ಹೆಂಡಿರಿದ್ದರೆ ಯಾವ ಮಕ್ಕಳು ಯಾರವರೆಂದು ಗೆರೆ ಬೇರೆ ಬೇರೆ ಎಳೆಯಿರಿ. ಕೆಳಗಿನ ಸಾಲಿನಲ್ಲಿ ಮಕ್ಕಳೆಲ್ಲರೂ ಹುಟ್ಟಿದ ಕ್ರಮದಲ್ಲಿ, ವಯಸ್ಸಿನೊಂದಿಗೆ. ತೀರಿದವರ ಹೆಸರನ್ನು ಬಿಡಬೇಡಿ. ‘ಮೃತ’ ಎಂದು ಬರೆದು ದಿನಾಂಕ ಹಾಕಿ, ಅವರ ಸಂಗಾತಿ, ಮಕ್ಕಳನ್ನು ಅವರ ಕೆಳಗೆ ಸೇರಿಸಿ.

ಹೆಚ್ಚಾಗಿ ಬಿಟ್ಟುಹೋಗುವವರು ಮದುವೆಯಾಗಿ ಹೋದ ಹೆಣ್ಣುಮಕ್ಕಳು. ‘ಅವಳಿಗೆ ಕೊಡಬೇಕಾದ್ದು ಕೊಟ್ಟಾಗಿದೆ’ ಎಂಬ ಮಾತು ಕಾಗದದಲ್ಲಿ ನಿಲ್ಲುವುದಿಲ್ಲ. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಆ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಇನ್ನೊಬ್ಬರು ಆ ಚಿತ್ರದ ಆಕಾರದಿಂದಲೇ ಬಿಟ್ಟುಹೋಗುತ್ತಾರೆ: ತೀರಿದವರ ತಾಯಿ. ಹಿಂದೂ ಗಂಡಸು ಉಯಿಲು ಬರೆಯದೆ ತೀರಿದರೆ, 1956ರ ಉತ್ತರಾಧಿಕಾರ ಕಾಯಿದೆಯಲ್ಲಿ ಮಗ, ಮಗಳು, ಹೆಂಡತಿಯ ಜೊತೆಗೆ ತಾಯಿಯೂ ಮೊದಲ ವರ್ಗದ ವಾರಸುದಾರಳು. ಗೆರೆಗಳು ಕೆಳಕ್ಕೇ ಇಳಿಯುವುದರಿಂದ ಆಕೆಗೆ ಜಾಗವೇ ಇರುವುದಿಲ್ಲ. ನಿಮ್ಮ ಅಜ್ಜಿ ಇದ್ದರೆ ತಂದೆಯ ಹೆಸರಿನ ಮೇಲೆ ಅವರ ಹೆಸರನ್ನು ಬರೆಯಲೇಬೇಕು.

ಉಳಿದದ್ದು ಹೆಸರಿನ ಕಾಗುಣಿತ. ಪಹಣಿಯಲ್ಲಿ ‘ಸಿದ್ದೇಗೌಡ’, ಆಧಾರ್‌ನಲ್ಲಿ ‘ಸಿದ್ಧೇಗೌಡ’, ಮರಣಪತ್ರದಲ್ಲಿ ಇನಿಷಿಯಲ್ ಬೇರೆ ಎಂದಾದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮೂರನ್ನೂ ಮೊದಲು ತಾಳೆ ನೋಡಿ. ವ್ಯತ್ಯಾಸವಿದ್ದರೆ ಇಬ್ಬರೂ ಒಬ್ಬರೇ ಎಂದು ಅಫಿಡವಿಟ್‌ನಲ್ಲಿ ಸೇರಿಸಿ. ಈ ಪತ್ರ ಸಂಬಂಧವನ್ನು ದೃಢೀಕರಿಸುತ್ತದೆ ಅಷ್ಟೇ. ಯಾರಿಗೆ ಎಷ್ಟು ಪಾಲು ಎಂಬ ತಕರಾರು ತೀರ್ಮಾನವಾಗುವುದು ಸಿವಿಲ್ ಕೋರ್ಟಿನಲ್ಲಿ.

ಅಂದ ಹಾಗೆ, ‘ಪೌತಿ’, ‘ವಾರಸು’ ಎರಡೂ ಅರಬ್ಬಿ ಮೂಲದವು. ‘ಫೌತ್’ ಎಂದರೆ ಸಾವು.

ಪ್ರಶ್ನೆ: ‘ಅನುವಂಶಿಕ’ ಸರಿಯೋ ‘ಆನುವಂಶಿಕ’ ಸರಿಯೋ? (ಪ್ರೂಫ್ ರೀಡರ್, ಬೆಂಗಳೂರು)

ಉತ್ತರ: ‘ಇಕ’ ಸೇರಿದಾಗ ಸಾಮಾನ್ಯವಾಗಿ ಮೊದಲ ‘ಅ’ ದೀರ್ಘವಾಗುತ್ತದೆ (ಸಮಾಜ, ಸಾಮಾಜಿಕ). ಆದ್ದರಿಂದ ‘ಆನುವಂಶಿಕ’. ‘ಈಯ’ ಸೇರಿದರೆ ದೀರ್ಘ ಬೇಡ, ‘ಅನುವಂಶೀಯ’. ‘ಜೀನ್’ಗೆ ‘ವಂಶವಾಹಿ’ ಎಂಬ ಪದ ಪಠ್ಯಗಳಲ್ಲಿ ನೆಲೆಯೂರಿದೆ. ಅದು ತಾಯಿ, ತಂದೆ ಇಬ್ಬರಿಂದಲೂ ಬರುವಂಥದ್ದು.

ಪ್ರಶ್ನೆ: ನಾಯಿಮರಿ ಮಾರುವವರು ‘ಪೆಡಿಗ್ರಿ ಇದೆ’ ಎನ್ನುತ್ತಾರೆ. ಏನದು? (ಓದುಗರು, ಮೈಸೂರು)

ಉತ್ತರ: ಮರಿಯ ತಂದೆತಾಯಿ, ಅಜ್ಜ ಅಜ್ಜಿಯರ ದಾಖಲೆ, ಅಂದರೆ ಅದರ ವಂಶಾವಳಿ. ಇಂಗ್ಲಿಷಿಗೆ ಈ ಪದ 15ನೇ ಶತಮಾನದಲ್ಲಿ ಫ್ರೆಂಚಿನಿಂದ ಬಂತು. ಮೂಲದಲ್ಲಿ ಅದರ ಅರ್ಥ ‘ಕೊಕ್ಕರೆಯ ಕಾಲು’. ವಂಶದ ಪಟ್ಟಿಯಲ್ಲಿ ಒಬ್ಬರಿಂದ ಮಕ್ಕಳ ಕಡೆಗೆ ಎಳೆಯುತ್ತಿದ್ದ ಮೂರು ಕವಲಿನ ಗೆರೆ ಕೆಸರಿನಲ್ಲಿ ಮೂಡಿದ ಆ ಹಕ್ಕಿಯ ಹೆಜ್ಜೆಯಂತೆಯೇ ಕಾಣುತ್ತಿತ್ತು.