ಸ್ಟುಟ್‌ಗಾರ್ಟ್‌ನಲ್ಲಿ ಓದುತ್ತಿರುವ ಐವರು ಗೆಳೆಯರು ಕಡಿಮೆ ಖರ್ಚಿನಲ್ಲಿ ವಾರಾಂತ್ಯಕ್ಕೆ ಯಾವ ಊರಿಗೆ ಹೋಗಬಹುದು?

ನೀವು ಐವರಿದ್ದೀರಿ, ಇರುವುದು ಶನಿವಾರ ಮತ್ತು ಭಾನುವಾರ ಮಾತ್ರ, ಖರ್ಚು ಹಿಡಿತದಲ್ಲಿರಬೇಕು, ಮ್ಯೂನಿಕ್ ಅಥವಾ ಹೈಡೆಲ್‌ಬರ್ಗ್ ಆಗಬಹುದೇ ಎಂದು ಕೇಳಿದ್ದೀರಿ. ಎರಡೂ ಒಳ್ಳೆಯ ಊರುಗಳೇ. ಆದರೂ ಅದೇ ಸೀಮೆಯಲ್ಲಿ ಓದಿ, ಗೆಳೆಯರೊಂದಿಗೆ ಸುತ್ತಾಡಿದವನಾಗಿ ನಾನು ಹೇಳುವ ಹೆಸರು ಟ್ಯೂಬಿಂಗನ್. ಅಗ್ಗದ ಪ್ರಾದೇಶಿಕ ರೈಲಿನಲ್ಲಿ ಮ್ಯೂನಿಕ್‌ಗೆ ಹೋಗಲು ಒಂದು ದಿಕ್ಕಿಗೇ ಮೂರು ಗಂಟೆಗೂ ಹೆಚ್ಚು ಬೇಕು. ಟ್ಯೂಬಿಂಗನ್‌ಗೆ ಸುಮಾರು ಒಂದು ಗಂಟೆ ಸಾಕು, ಇಳಿದ ಮೇಲೆ ನೋಡಬೇಕಾದುದೆಲ್ಲವೂ ಕಾಲ್ನಡಿಗೆಯ ದೂರದಲ್ಲಿದೆ. ಎಲ್ಲಕ್ಕಿಂತ ಮಿಗಿಲಾಗಿ, ಕನ್ನಡಿಗರಾದ ನಿಮಗೆ ಆ ಊರಿನೊಂದಿಗೆ ಒಂದು ನಂಟಿದೆ.

ಎಲ್ಲರ ಬಳಿಯೂ ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸ್ ಇದ್ದರೆ ಪ್ರಯಾಣಕ್ಕೆ ಬೇರೆ ಖರ್ಚಿಲ್ಲ. ಇಲ್ಲದವರು ಬಾಡೆನ್-ವ್ಯುರ್ಟೆಂಬರ್ಗ್ ಟಿಕೆಟ್ ಕೊಳ್ಳಬಹುದು; ಒಂದೇ ಟಿಕೆಟ್‌ನಲ್ಲಿ ಐವರವರೆಗೆ ಇಡೀ ದಿನ ಓಡಾಡಬಹುದು, ಬೆಳಿಗ್ಗೆ ಒಂಬತ್ತರ ನಂತರವೇ ಹೊರಡಬೇಕೆಂಬ ವಾರದ ದಿನಗಳ ನಿರ್ಬಂಧ ಶನಿವಾರ, ಭಾನುವಾರಗಳಲ್ಲಿ ಇರುವುದಿಲ್ಲ. ಇವೆರಡೂ ಪ್ರಾದೇಶಿಕ ರೈಲುಗಳಿಗೆ ಮಾತ್ರ ಸಲ್ಲುತ್ತವೆ ಎಂಬುದನ್ನು ಗೆಳೆಯರೆಲ್ಲರಿಗೂ ಮೊದಲೇ ತಿಳಿಸಿರಿ. ವಾರಾಂತ್ಯದಲ್ಲಿ ಹಳಿಗಳ ಕಾಮಗಾರಿಯಿಂದ ವೇಳೆ ಬದಲಾಗುವುದುಂಟು, ಆದ್ದರಿಂದ ಹಿಂದಿನ ರಾತ್ರಿ ಆ್ಯಪ್‌ನಲ್ಲಿ ಒಮ್ಮೆ ನೋಡಿಕೊಳ್ಳುವುದು ಕ್ಷೇಮ.

ಊರಿನ ಜನಸಂಖ್ಯೆ ಸುಮಾರು 90 ಸಾವಿರ. ಅಲ್ಲಿ ಓದುವ ವಿದ್ಯಾರ್ಥಿಗಳೇ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು. ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1477ರಲ್ಲಿ. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಗಳಿಂದ ಹೆಚ್ಚು ಹಾನಿಯಾಗದೆ ಉಳಿದ ಊರಾದುದರಿಂದ, ಮರದ ಚೌಕಟ್ಟಿನ ಹಳೆಯ ಮನೆಗಳು, ಏರಿಳಿಯುವ ಕಲ್ಲುಹಾಸಿನ ಓಣಿಗಳು, 1435ರಲ್ಲಿ ಕಟ್ಟಲಾರಂಭಿಸಿದ ಪುರಭವನ ಮತ್ತು ಅದರ ಮುಖದ ಮೇಲಿನ 1511ರ ಖಗೋಳ ಗಡಿಯಾರ, ಎಲ್ಲವೂ ಒಂದಕ್ಕೊಂದು ಹೊಂದಿಕೊಂಡೇ ಕಾಣಸಿಗುತ್ತವೆ.

ಶನಿವಾರ ಬೆಳಿಗ್ಗೆ ನೆಕರ್ ನದಿಯ ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ನೀರಿನಂಚಿನಲ್ಲಿ ಕಾಣುವ ಹಳದಿ ಗೋಪುರದಲ್ಲಿ ಕವಿ ಹೋಲ್ಡರ್ಲಿನ್ ತನ್ನ ಬಾಳಿನ ಕೊನೆಯ 36 ವರ್ಷಗಳನ್ನು, 1807ರಿಂದ 1843ರವರೆಗೆ, ಮನೋರೋಗಿಯೆಂದು ಪರಿಗಣಿತನಾಗಿ ಒಬ್ಬ ಬಡಗಿಯ ಕುಟುಂಬದ ಆರೈಕೆಯಲ್ಲಿ ಕಳೆದ. ಈಗ ಅದು ವಸ್ತುಸಂಗ್ರಹಾಲಯ. ಬೇಸಿಗೆಯಾಗಿದ್ದರೆ ಅದರ ಮುಂದಿನಿಂದಲೇ ಷ್ಟೋಖರ್‌ಕಾನ್ ಎಂಬ ಚಪ್ಪಟೆ ದೋಣಿಗಳು ಹೊರಡುತ್ತವೆ. ಅವುಗಳಿಗೆ ಹುಟ್ಟು ಇರುವುದಿಲ್ಲ, ಹಿಂದೆ ನಿಂತವರು ಉದ್ದನೆಯ ಗಳವನ್ನು ನದಿಯ ತಳಕ್ಕೆ ಊರಿ ನಡೆಸುತ್ತಾರೆ. ಈ ಪ್ರವಾಸದಲ್ಲಿ ಹಣ ಕೊಟ್ಟು ಮಾಡಲೇಬೇಕಾದುದು ಏನಾದರೂ ಇದ್ದರೆ ಅದು ಈ ದೋಣಿಯಾನವೇ ಎಂದು ನನ್ನ ಅಭಿಪ್ರಾಯ. ಐವರೂ ಎದುರುಬದುರಾಗಿ ಕುಳಿತು ಮಾತನಾಡುತ್ತಾ ನದಿಯ ನಡುವಿನ ದ್ವೀಪವನ್ನು ಸುತ್ತಿ ಬರಬಹುದು.

ಬೆಟ್ಟದ ಮೇಲಿನ ಕೋಟೆಯನ್ನು ತಪ್ಪಿಸಬೇಡಿ. ಅಲ್ಲಿ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯವಿದೆ. ಹತ್ತಿರದ ಷ್ವೇಬಿಷ್ ಆಲ್ಬ್ ಬೆಟ್ಟಸೀಮೆಯ ಗುಹೆಯೊಂದರಲ್ಲಿ ದೊರೆತ, ಮ್ಯಾಮತ್ ದಂತದಲ್ಲಿ ಕೆತ್ತಿದ ಅಂಗೈಗಿಂತ ಚಿಕ್ಕ ಕುದುರೆಯನ್ನು ಅಲ್ಲಿ ನೋಡಬಹುದು. ಅದಕ್ಕೆ ಸುಮಾರು 40 ಸಾವಿರ ವರ್ಷ. ನಿಮ್ಮಲ್ಲಿ ಜೀವವಿಜ್ಞಾನ ಓದುವವರಿದ್ದರೆ ಅವರಿಗಾಗಿ ಇನ್ನೊಂದು ವಿಷಯ: ಇದೇ ಕೋಟೆಯ ಹಳೆಯ ಅಡುಗೆಮನೆಯನ್ನು ಪ್ರಯೋಗಾಲಯವಾಗಿ ಬಳಸುತ್ತಿದ್ದ ಕಾಲದಲ್ಲಿ, 1869ರಲ್ಲಿ, ಫ್ರೀಡ್ರಿಕ್ ಮೀಷರ್ ಎಂಬ ತರುಣ ವಿಜ್ಞಾನಿ ಕೀವಿನ ಕೋಶಗಳಿಂದ ಇಂದು ಡಿಎನ್‌ಎ ಎಂದು ಕರೆಯಲಾಗುವ ವಸ್ತುವನ್ನು ಮೊದಲ ಬಾರಿಗೆ ಬೇರ್ಪಡಿಸಿದ.

ಇನ್ನು ನಾನು ಹೇಳಿದ ನಂಟು. ಕೋಟೆಯ ಕೆಳಗೆ, ನದಿಯ ಕಡೆಗೆ, ಟ್ಯೂಬಿಂಗರ್ ಷ್ಟಿಫ್ಟ್ ಎಂಬ ಪ್ರೊಟೆಸ್ಟಂಟ್ ಧರ್ಮಶಾಸ್ತ್ರ ವಿದ್ಯಾರ್ಥಿಗಳ ವಸತಿಗೃಹವಿದೆ. ಖಗೋಳವಿಜ್ಞಾನಿ ಕೆಪ್ಲರ್, ತತ್ವಜ್ಞಾನಿಗಳಾದ ಹೆಗೆಲ್, ಷೆಲ್ಲಿಂಗ್ ಇದ್ದು ಓದಿದ ಜಾಗವೆಂದು ಪ್ರವಾಸಿಗರಿಗೆ ಹೇಳುತ್ತಾರೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ಕೂಡ ಟ್ಯೂಬಿಂಗನ್‌ನಲ್ಲೇ ಧರ್ಮಶಾಸ್ತ್ರ ಓದಿದವರು. ಮಲಯಾಳಂ ನಿಘಂಟುಕಾರ ಗುಂಡರ್ಟ್ ಅವರ ಓದೂ ಇಲ್ಲಿಯದೇ. ಅವರ ಮಗಳ ಮಗನಾದ ಕಾದಂಬರಿಕಾರ ಹರ್ಮನ್ ಹೆಸ್ಸೆ 1895ರಿಂದ 1899ರವರೆಗೆ ಇದೇ ಊರಿನ ಪುಸ್ತಕದಂಗಡಿಯೊಂದರಲ್ಲಿ ಕೆಲಸ ಮಾಡಿದ. ನಮ್ಮ ನಿಘಂಟಿನ ಕಿಟೆಲ್ ಅವರು ಹುಟ್ಟಿದ್ದು ಜರ್ಮನಿಯ ಉತ್ತರ ತೀರದಲ್ಲಾದರೂ, ಸುಮಾರು 70 ಸಾವಿರ ಪದಗಳ ಆ ಮಹಾಕೃತಿ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಬಳಿಕ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯ, ಮತ್ತು 1903ರಲ್ಲಿ ಅವರು ಕೊನೆಯುಸಿರೆಳೆದದ್ದು ಇದೇ ಊರಿನಲ್ಲಿ. ಬೆಂಗಳೂರಿನ ಮೇಯೋ ಹಾಲ್ ಬಳಿಯ ಕಿಟೆಲ್ ಪ್ರತಿಮೆಯನ್ನು ಬಸ್ಸಿನ ಕಿಟಕಿಯಿಂದ ನೋಡುತ್ತಾ ಬೆಳೆದ ನನಗೆ, ಆ ಮನುಷ್ಯ ತನ್ನ ಮುಪ್ಪಿನಲ್ಲಿ ನಡೆದಾಡಿದ ಬೀದಿಗಳು ಇವೆಂದು ತಿಳಿದಾಗ ಆದ ಸಂತೋಷವನ್ನು ಗೆಳೆಯರಿಗೆ ವಿವರಿಸಲು ಬಹಳ ಹೊತ್ತು ಹಿಡಿಯಿತು. ನಿಮ್ಮ ಗುಂಪಿನವರೆಲ್ಲರೂ ಕನ್ನಡದವರಾದರೆ ನಿಮಗೆ ಆ ಶ್ರಮವಿಲ್ಲ.

ರಾತ್ರಿ ಮರಳಿ ಬಂದುಬಿಡಬಹುದಲ್ಲವೇ ಎಂದು ನಿಮಗೆ ಅನ್ನಿಸಬಹುದು. ಸಾಧ್ಯವಾದರೆ ಉಳಿಯಿರಿ, ಏಕೆಂದರೆ ಬೇಸಿಗೆಯ ಸಂಜೆ ನದಿಯಂಚಿನ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕುಳಿತ ವಿದ್ಯಾರ್ಥಿಗಳ ಸಾಲಿನಲ್ಲಿ ನೀವೂ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಊರು ಚಿಕ್ಕದಾದುದರಿಂದ ಕೊಠಡಿಗಳು ಬೇಗ ಮುಗಿಯುತ್ತವೆ. ಸಿಗದಿದ್ದರೆ ರೈಲಿನಲ್ಲಿ ಕಾಲು ಗಂಟೆಯೊಳಗಿನ ರಾಯ್ಟ್‌ಲಿಂಗನ್‌ನಲ್ಲಿ ವಿಚಾರಿಸಿ. ಊಟಕ್ಕೆ, ಮೊಟ್ಟೆ ತಿನ್ನುವ ಶಾಕಾಹಾರಿಗಳಿಗೆ, ಹಿಟ್ಟಿನ ಶಾವಿಗೆಯಂಥ ತುಣುಕುಗಳಿಗೆ ಚೀಸ್ ಬೆರೆಸಿದ ಕೇಸ್‌ಷ್ಪೆಟ್ಸ್ಲೆ ಎಲ್ಲೆಡೆ ಸಿಗುತ್ತದೆ. ಮೌಲ್‌ಟಾಷನ್ ಎಂಬ ಹೂರಣ ತುಂಬಿದ ಕಡುಬಿನ ಒಳಗೆ ಸಾಮಾನ್ಯವಾಗಿ ಮಾಂಸವಿರುವುದರಿಂದ ಕೇಳಿಯೇ ತಿನ್ನಿ. ಕಟ್ಟಿಸಿಕೊಂಡು ಹೋಗುವುದಾದರೆ ನಿಮ್ಮದೇ ಡಬ್ಬಿ, ಲೋಟ ಒಯ್ಯಿರಿ. 2022ರಿಂದ ಈ ಊರಿನಲ್ಲಿ ಬಿಸಾಡುವ ಲೋಟ, ತಟ್ಟೆಗಳ ಮೇಲೆ ತೆರಿಗೆಯಿದೆ. ಮಾರುವವರು ಅದನ್ನು ಬೆಲೆಗೆ ಸೇರಿಸುವುದರಿಂದ ಐವರ ಊಟಕ್ಕೆ ಅದೂ ಒಂದು ಮೊತ್ತವಾಗುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಮರುದಿನದ ಬ್ರೆಡ್ಡು, ಹಣ್ಣುಗಳನ್ನು ಶನಿವಾರ ಸಂಜೆಯೇ ಕೊಂಡಿಟ್ಟುಕೊಳ್ಳಿ.

ಭಾನುವಾರಕ್ಕೆ ಹೆಖಿಂಗನ್ ಬಳಿಯ ಹೋಹೆನ್‌ಜೋಲ್ಲರ್ನ್ ಅರಮನೆಯ ಆಸೆ ಹುಟ್ಟುವುದು ಸಹಜ, ಚಿತ್ರಗಳಲ್ಲಿ ಅದು ಅಷ್ಟು ಚೆಲುವಾಗಿದೆ. ಆದರೆ ದುಬಾರಿ ಪ್ರವೇಶ ಶುಲ್ಕ, ನೂಕುನುಗ್ಗಲು ಎರಡೂ ಇರುವ ಆ ಜಾಗಕ್ಕಿಂತ ಬೇಬನ್‌ಹೌಸನ್ ನನಗೆ ಹೆಚ್ಚು ಪ್ರಿಯ. ಊರಿನಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ, ಷೋನ್‌ಬುಖ್ ಕಾಡಿನ ಅಂಚಿನಲ್ಲಿ, ಹನ್ನೆರಡನೆಯ ಶತಮಾನದಲ್ಲಿ ಸ್ಥಾಪನೆಯಾದ ಕ್ರೈಸ್ತ ಸನ್ಯಾಸಿಗಳ ಮಠವದು. ಬಸ್ಸಿನಲ್ಲಿ ಹೋಗಿ, ಒಳಗಿನ ಕಮಾನುಗಳ ಪಡಸಾಲೆಯನ್ನು ನೋಡಿ, ಕಾಡಿನ ದಾರಿಯಲ್ಲಿ ನಡೆದು ಮರಳಿದರೂ ಸಂಜೆಯ ರೈಲಿಗೆ ಬೇಕಾದಷ್ಟು ಸಮಯ ಉಳಿಯುತ್ತದೆ.